ಗ್ಯಾರೇಜಿನ ಉಬ್ಬಸ

ಕೆರಿಬಿಯನ್ ದ್ವೀಪಕ್ಕೆ ಹೋಗಿ ನೀರಿನೊಳಗೆ ಮುಳುಗಿ ಮೀನು ನೋಡಬೇಕೆಂದು ಮಗ ಸೊಸೆ ಹೊರಟಿದ್ದರು. ಸಿಡ್ನಿಯಲ್ಲಿ ಕಾರು ಹತ್ತಿದರೆ ಸಮುದ್ರ ಸಿಗುತ್ತದೆ. ಅದು ಆಗದು, ಭೂಮಿಯ ಆಚೆ ಬದಿಯ ಸಮುದ್ರವೇ ಬೇಕು. ಮೀನು ಹಿಡಿಯುವುದಿಲ್ಲ, ತಿನ್ನುವುದಿಲ್ಲ, ಬರೀ ನೋಡುವುದಂತೆ. ಅಷ್ಟು ದಿನ ನನ್ನನ್ನು ಮೆಲ್ಬರ್ನಿನ ಮಗಳ ಮನೆಗೆ ಸಾಗಿಸುವುದೆಂದೂ ತೀರ್ಮಾನವಾಗಿತ್ತು.

ಊಟದ ಮೇಜಿನಲ್ಲಿ ಸೊಸೆ ಫೋನಿನಲ್ಲಿ ಮಗನ ಡೈವಿಂಗಿನ ಫಾರಂ ತುಂಬುತ್ತಿದ್ದಳು. ಕಾಯಿಲೆಗಳ ಪಟ್ಟಿ ಓದುತ್ತ, "ಆಸ್ತಮಾ?" ಎಂದಳು.

"ನೋ," ಎಂದ ಮಗ, ನನ್ನ ಮುಖ ನೋಡದೆ.

ಆ ಸುಳ್ಳು ಕಲಿಸಿದವಳು ನಾನೇ. ಹೆಣ್ಣು ನೋಡಲು ಹೋದಾಗ ಉಬ್ಬಸದ ಮಾತೆತ್ತಬೇಡ ಎಂದಿದ್ದೆ. ಎಲ್ಲರೂ ಮಾಡುವುದು ಅದನ್ನೇ. ಹನ್ನೆರಡು ವರ್ಷದಿಂದ ಅವನು ಗ್ಯಾರೇಜಿಗೆ ಹೋಗಿ ಕದ್ದು ಉಸಿರಿನ ಪಂಪು ಎಳೆಯುತ್ತಿದ್ದಾನೆ. ಸಮುದ್ರದಡಿಯಲ್ಲಿ ಗ್ಯಾರೇಜು ಎಲ್ಲಿದೆ?

"ಯೆಸ್ ಅಂತ ಹಾಕು. ಅವನಿಗೆ ಉಬ್ಬಸ ಉಂಟು, ಸಣ್ಣದಿರುವಾಗಿಂದ," ಎಂದೆ.

ಮಗ ಅನ್ನ ಕಲಸುವುದನ್ನು ನಿಲ್ಲಿಸಿದ.

"ಗ್ಯಾರೇಜಲ್ಲಿ ಸಿಗರೇಟ್ ಸೇದ್ತಾರೆ ಅಂದ್ಕೊಂಡು ಇಷ್ಟು ವರ್ಷ ಜಗಳ ಆಡಿದೀನಿ," ಎಂದಳು ಸೊಸೆ. "ಅತ್ತೆ, ಮದುವೆಗೆ ಮುಂಚೆ ನೀವ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಅಪ್ಪ ನಿನ್ನನ್ನು ಕೊಡ್ತಿದ್ರಾ?"

ಅವಳು ಫಾರಂನಲ್ಲಿ ಯೆಸ್ ಎಂದು ಒತ್ತಿದಳು. ಅದನ್ನು ನೋಡಿ ಡಾಕ್ಟರು ಮಗನಿಗೆ ಮುಳುಗುವುದು ಬೇಡವೆಂದರು. ಈಗ ಸೊಸೆ ಒಬ್ಬಳೇ ಮುಳುಗುತ್ತಾಳಂತೆ. ಮಗ ದೋಣಿಯಲ್ಲಿ ಕೂತು ಅವಳ ಚಪ್ಪಲಿ ಕಾಯುತ್ತಾನಂತೆ. ಮೂರು ದಿನದಿಂದ ಅವನು ನನ್ನ ಹತ್ತಿರ ಮಾತಾಡಿಲ್ಲ. ಬೇಡ. ಚಪ್ಪಲಿ ಕಾಯುವವನಿಗೆ ಉಸಿರು ಕಟ್ಟುವುದಿಲ್ಲ.