ಹನ್ನೊಂದು ಗಂಟೆಯ ‘ಇಲ್ಲ’

ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೋಣೆಯೊಂದಿತ್ತು. ಅಲ್ಲಿಗೆ ಬಂದು ಸೇರಿದ ವಸ್ತುಗಳ ಪಟ್ಟಿಯೆಲ್ಲ ಕಂಪ್ಯೂಟರಿನ ಡೇಟಾಬೇಸ್‌ನಲ್ಲಿತ್ತು. ಅದನ್ನು ಓದಿ ‘ಇದೆ’, ‘ಇಲ್ಲ’ ಎಂದು ಉತ್ತರ ಹೇಳುವ ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಬರೆದವನು ಕಿಟಕಿಯ ಗುಮಾಸ್ತನೇ. ಯಾರೂ ಕಲಿಸಿದ್ದಲ್ಲ, ಹಳೆಯ ಪುಸ್ತಕ ನೋಡಿ ಕಲಿತದ್ದು. ಯಾರಾದರೂ ‘ಕಂಪ್ಯೂಟರಣ್ಣ’ ಎಂದರೆ ಒಳಗೊಳಗೇ ಉಬ್ಬಿಹೋಗುತ್ತಿದ್ದ.

ಅಂದು ಬೆಳಿಗ್ಗೆ ಒಬ್ಬ ಅಜ್ಜಿ ಮೂರನೇ ಸಲ ಬಂದಿದ್ದಳು. ಗಂಡನ ಕಿವಿಯ ಮಿಷನ್ನು ಬಸ್ಸಿನಲ್ಲಿ ಬಿದ್ದುಹೋಗಿತ್ತು.

“ಇನ್ನೊಂದ್ಸಲ ನೋಡಪ್ಪ. ಅದಿಲ್ದೆ ಅವ್ರು ಮಾತಾಡೋದೇ ಬಿಟ್ಟಿದಾರೆ.”

ಅವನು ಗುಂಡಿ ಒತ್ತಿದ. ಪರದೆಯಲ್ಲಿ ‘ಇಲ್ಲ’ ಎಂದು ಬಂತು.

“ನೀವು ದಿನಾ ಬಂದ್ರೆ ಇಲ್ದಿರೋ ಮಿಷನ್ನನ್ನ ಇದೇನು ಮೊಟ್ಟೆ ಇಡುತ್ತಾ ಅಜ್ಜೀ? ಕಂಪ್ಯೂಟರು ಸುಳ್ಳು ಹೇಳಲ್ಲ.”

ಸಾಲಿನಲ್ಲಿದ್ದವರು ನಕ್ಕರು. ಅಜ್ಜಿ ಕೈಚೀಲ ಅವಚಿಕೊಂಡು ಹೊರಟುಹೋದಳು.

ಮಧ್ಯಾಹ್ನ ಉಗ್ರಾಣದ ಅಕ್ಕ ಪೆಟ್ಟಿಗೆ ಹೊತ್ತು ಬಂದಳು. “ನಾಳೆಗೆ ಇವು ಸಿಕ್ಕಿ ಮೂವತ್ತು ದಿನ. ಇವನ್ನೆಲ್ಲ ಆಚೆ ಹಾಕ್ಬೇಕು.”

ಛತ್ರಿ, ಒಂಟಿ ಚಪ್ಪಲಿಗಳ ನಡುವೆ ಕಿವಿಯ ಮಿಷನ್ನು, ಅಜ್ಜಿಯ ಊರಿನ ಬಸ್ಸಿನಲ್ಲಿ ಸಿಕ್ಕಿದ್ದೆಂಬ ಚೀಟಿ ಸಮೇತ.

ಅವನು ಕಂಪ್ಯೂಟರನ್ನು ಮತ್ತೆ ಕೇಳಿದ. ಈಗ ‘ಇದೆ’ ಎಂದಿತು. ಅಜ್ಜಿ ಮೂರೂ ಸಲ ಬಂದದ್ದು ಹನ್ನೊಂದು ಗಂಟೆಗೆ ಎಂಬುದು ನೆನಪಾಯಿತು.

“ಅಕ್ಕಾ, ಬೆಳಿಗ್ಗೆ ಹನ್ನೊಂದಕ್ಕೆ ನೀವೇನ್ ಮಾಡ್ತೀರಿ?”

“ಹಿಂದಿನ ದಿನ ಸಿಕ್ಕಿದ್ದನ್ನೆಲ್ಲ ಕಂಪ್ಯೂಟರಿಗೆ ಹತ್ತಿಸ್ತೀನಿ. ಯಾಕೆ?”

ಹತ್ತಿಸುವಷ್ಟು ಹೊತ್ತು ಪಟ್ಟಿಗೆ ಬೀಗ. ಆಗ ಓದಲು ಹೋದರೆ ಡೇಟಾಬೇಸ್ ‘ಕೆಲಸದಲ್ಲಿದ್ದೇನೆ, ಆಮೇಲೆ ಬಾ’ ಎಂಬುದನ್ನು ಒಂದು ಸಂಖ್ಯೆಯಲ್ಲಿ ತಿಳಿಸುತ್ತದೆ. ಅವನ ಪ್ರೋಗ್ರಾಂ ಆ ಸಂಖ್ಯೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಏನೂ ಕೈಗೆ ಬರದಿದ್ದರೆ ‘ಇಲ್ಲ’ ಎಂದುಬಿಡುತ್ತಿತ್ತು. ಅಜ್ಜಿಯ ಊರಿನ ಬಸ್ಸು ಬರುವುದೇ ಹನ್ನೊಂದಕ್ಕೆ.

ಹೀಗೆ ಎಷ್ಟು ಜನರನ್ನು ಬರಿಗೈಲಿ ಕಳಿಸಿದ್ದನೋ, ದೇವರೇ ಬಲ್ಲ. ಮೊಟ್ಟೆಯ ಮಾತು ನೆನಪಾಗಿ ಮುಖ ಕಾದುಹೋಯಿತು. ಕೂತಲ್ಲೇ ಪ್ರೋಗ್ರಾಂಗೆ ನಾಲ್ಕು ಸಾಲು ಸೇರಿಸಿದ. ಇನ್ನು ಮೇಲೆ ಪಟ್ಟಿಗೆ ಬೀಗವಿದ್ದರೆ ‘ಓದಲಾಗಲಿಲ್ಲ, ಮತ್ತೆ ಕೇಳಿ’ ಎಂದು ಬರುತ್ತದೆ. ಮೊದಲ ಸಲ ಬಂದಾಗ ಅಜ್ಜಿ ಬರೆಸಿದ್ದ ವಿಳಾಸವನ್ನೂ ಮಿಷನ್ನನ್ನೂ ಹಿಡಿದು ಸಂಜೆಯ ಬಸ್ಸು ಹತ್ತಿದ.

ಬಾಗಿಲು ತೆರೆದ ಅಜ್ಜಿಯನ್ನು ಅವನಿಗೆ ತಲೆ ಎತ್ತಿ ನೋಡಲಾಗಲಿಲ್ಲ. ಅವನು ಕೊಟ್ಟ ಮಿಷನ್ನನ್ನು ಅಜ್ಜ ಕಿವಿಗೆ ಸಿಕ್ಕಿಸಿಕೊಂಡ.

“ತಪ್ಪು ನಂದು!” ಅಜ್ಜನಿಗೂ ತಿಳಿಯಲೆಂದು ಅವನು ಕೂಗಿಯೇ ಹೇಳಿದ. “ಇದು ಅಲ್ಲೇ ಇತ್ತು. ನನ್ ಪ್ರೋಗ್ರಾಮೇ ಸುಳ್ಳು ಹೇಳ್ತು. ಸಾಲದ್ದಕ್ಕೆ ಅಜ್ಜೀನ ಹಂಗಿಸ್ದೆ.”

“ಮೆಲ್ಲಗೆ ಹೇಳಪ್ಪ, ಈಗ ಕೇಳುತ್ತೆ,” ಎಂದ ಅಜ್ಜ. ಹೆಂಡತಿಯ ಕಡೆ ತಿರುಗಿದ. “ಏನಂತ ಹಂಗಿಸ್ದ?”

“ಏನಿಲ್ಲ ಬಿಡಿ,” ಎಂದಳು ಅಜ್ಜಿ.

ಅವನು ತಲೆ ತಗ್ಗಿಸಿ, ಮೆಲ್ಲಗೆ, ಮೊಟ್ಟೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿದ.