ಹೊಕ್ಕುಳ ಸುತ್ತ ನಾಲ್ಕು ಕಲೆ

ದೇವಿಕೊಪ್ಪದ ಲಕ್ಷ್ಮವ್ವನ ಕೈಗೆ ಹೆಸರಿತ್ತು. ಬಾಣಂತಿಗೆ ಎರೆಯಲು, ಕೂಸನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಲು ಸುತ್ತಲಿನ ಹಳ್ಳಿಯವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಅದಕ್ಕಿಂತ ದೊಡ್ಡ ಹೆಸರು ಚುಟಿಗೆಯದು. ಕೂಸು ಹೊಟ್ಟೆ ಉಬ್ಬಿ ರಚ್ಚೆ ಹಿಡಿದರೆ, ಅರಿಷಿಣ ಕೊಂಬಿನ ತುದಿಯನ್ನು ಕೆಂಡದಲ್ಲಿ ಸುಟ್ಟು ಹೊಕ್ಕುಳ ಸುತ್ತ ನಾಲ್ಕು ಕಡೆ ಚುರುಕ್ಕನೆ ಮುಟ್ಟಿಸುವುದು. ಊರಲ್ಲಿ ಮೂವತ್ತು ದಾಟಿದ ಯಾವ ಗಂಡಸಿನ ಅಂಗಿ ಎತ್ತಿದರೂ ಆ ನಾಲ್ಕು ಕಲೆ ಕಾಣುತ್ತವೆ. ಅವಳ ಮಗ ಪುಂಡಲೀಕನ ಹೊಟ್ಟೆಯ ಮೇಲೂ ಇವೆ.

ಆ ಪುಂಡಲೀಕ ಈಗ ಐರ್ಲೆಂಡಿನಲ್ಲಿದ್ದಾನೆ. ಹೆಂಡತಿ ಸೀಮಾ ನರ್ಸು. ಅಲ್ಲಿಯ ಒಂದು ವೃದ್ಧಾಶ್ರಮದಲ್ಲಿ ಅವಳಿಗೆ ಕೆಲಸ ಸಿಕ್ಕಿತು, ಅವಳ ಬೆನ್ನಿಗೆ ಇವನೂ ಹೋದ. ಊರಲ್ಲಿ ಟ್ರ್ಯಾಕ್ಟರ್ ಬಾಡಿಗೆ ಹೊಡೆಯುತ್ತ ಎದೆ ಸೆಟೆಸಿ ತಿರುಗುತ್ತಿದ್ದವನು ಅಲ್ಲಿ ಗೋದಾಮಿನಲ್ಲಿ ಡಬ್ಬಿ ಎತ್ತಿಡುವವನಾದ. ಮಗಳು ಗಂಗಾ ಅಲ್ಲೇ ಹುಟ್ಟಿದಳು. ಸೀಮಾಳ ರಜೆ ಮುಗಿದಾಗ ಕೂಸನ್ನು ನೋಡಿಕೊಳ್ಳಲು ಮೂರು ತಿಂಗಳ ಮಟ್ಟಿಗೆ ಲಕ್ಷ್ಮವ್ವನನ್ನು ಕರೆಸಿಕೊಂಡರು.

ಲಕ್ಷ್ಮವ್ವ ಹೋಗಿ ಕಂಡ ಸಂಸಾರ ವಿಚಿತ್ರದ್ದು. ಇವನು ಒಳಗೆ ಬಂದರೆ ಅವಳು ಹೊರಗೆ. ಗಂಡ ಹೆಂಡತಿ ಮಾತಾಡುವುದು ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಷ್ಟು ಹೊತ್ತು ಮಾತ್ರ. ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಕೋಲಿನಿಂದ ತಮ್ಮ ಛತ್ತು ಕುಟ್ಟುತ್ತಿದ್ದರು. ಅದಕ್ಕೆ ಲಕ್ಷ್ಮವ್ವ ಹಾಸಿಗೆಯ ಮೇಲೆ ಹಲಗೆ ಇಟ್ಟು, ಕಳ್ಳರಂತೆ ಸದ್ದಿಲ್ಲದೆ ರೊಟ್ಟಿ ತಟ್ಟಲು ಕಲಿತಳು. ಒಗ್ಗರಣೆ ಹಾಕುವ ಮುಂಚೆ, ಹೊಗೆ ಕಂಡರೆ ಅರಚುವ ಯಂತ್ರಕ್ಕೆ ಟವೆಲು ಸುತ್ತಬೇಕು.

ಕೂಸಿಗೆ ಮಾತ್ರ ಟವೆಲು ಸುತ್ತಲು ಬರುವುದಿಲ್ಲವಲ್ಲ. ತಾಯಿ ಕೆಲಸಕ್ಕೆ ಹೋದ ಮೇಲೆ ಬಾಟಲಿ ಹಾಲು ಅದಕ್ಕೆ ಒಗ್ಗಲಿಲ್ಲ. ಹೊಟ್ಟೆ ತಮಟೆಯಂತೆ ಬಿಗಿದು ತಾಸುಗಟ್ಟಲೆ ಅಳುತ್ತಿತ್ತು. ಡಾಕ್ಟರರು ನೋಡಿ ಗಾಬರಿಯಾಗುವಂಥದ್ದಿಲ್ಲ, ತಾನೇ ಸರಿಹೋಗುತ್ತದೆ ಎಂದರು. ಎಂಟು ದಿನವಾದರೂ ಸರಿಹೋಗಲಿಲ್ಲ. ಒಂದು ಮಧ್ಯಾಹ್ನ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಲಕ್ಷ್ಮವ್ವ ಊರಿಂದ ತಂದ ಅರಿಷಿಣದ ಕೊಂಬನ್ನು ಕರೆಂಟಿನ ಒಲೆಯ ಮೇಲೆ ಕಾಯಿಸಿದಳು.

ಸಂಜೆ ಅಂಗಿ ಬದಲಿಸುವಾಗ ಸೀಮಾಳಿಗೆ ಕಲೆ ಕಂಡವು.

"ಅತ್ತಿ! ಕೂಸನ್ನ ಸುಟ್ಟೀರೇನ್ರಿ?"

"ಸುಡೂದಲ್ಲ ಬೇ ಅದು, ಚುಟಗಿ. ನೋಡು, ಹ್ಯಾಂಗ ಮಲಗೇತಿ. ನಿನ್ನ ಗಂಡನ ಹೊಟ್ಟಿ ನೋಡಿಲ್ಲೇನು?"

ಸೀಮಾ ಮುಲಾಮು ಹಚ್ಚಿದಳು. ಮೂರನೆಯ ದಿನ ಒಂದು ಕಲೆ ಕೀವು ಕಟ್ಟಿತು. ಕೂಸಿನ ಮೈ ಕಾದ ಹಂಚಾಯಿತು.

"ದವಾಖಾನಿಗೆ ಹೋಗೂಣು," ಎಂದಳು ಸೀಮಾ.

"ಹೋದ್ರ ಕೂಸನ್ನ ಕಸಕೊಂತಾರ. ಇಲ್ಲೀ ಕಾಯ್ದೆ ನಿನಗ ಗೊತ್ತಿಲ್ಲೇನು?" ಎಂದ ಪುಂಡಲೀಕ.

"ಗೊತ್ತೈತಿ. ಹೋಗಲಿಲ್ಲಂದ್ರ ಏನಾಕ್ಕೈತಿ ಅನ್ನೂದೂ ಗೊತ್ತೈತಿ."

ಕಾರಿನಲ್ಲಿ ಪುಂಡಲೀಕ ತಾಯಿಗೆ ನಾಲ್ಕು ಸಲ ಹೇಳಿದ: "ಬೇ, ಎಣ್ಣಿ ಸಿಡೀತು ಅಂತ ಅಷ್ಟ ಅನ್ನು. ಮತ್ತೇನೂ ಅನಬ್ಯಾಡ."

ದವಾಖಾನೆಯ ಡಾಕ್ಟರಮ್ಮ, ಲಕ್ಷ್ಮವ್ವನ ಮಾತು ತಿಳಿಯಲು, ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳನ್ನು ಫೋನಿನಲ್ಲಿ ಹಿಡಿದಳು. ಅದು ಮೈಸೂರು ಸೀಮೆಯ ಮೆತ್ತನೆ ದನಿ. "ಅಮ್ಮಾ, ಮಗು ಹೊಟ್ಟೆ ಮೇಲೆ ಗಾಯ ಹೇಗಾಯ್ತು ಅಂತ ಕೇಳ್ತಿದ್ದಾರೆ."

ಲಕ್ಷ್ಮವ್ವ ಮಗನ ಮುಖ ನೋಡಿದಳು. ಅವನು ಕಣ್ಣಲ್ಲೇ ಕೈ ಮುಗಿಯುತ್ತಿದ್ದ. ಆದರೆ ನಲವತ್ತು ವರ್ಷದಲ್ಲಿ ಒಂದು ಕೂಸಿನ ಮೇಲೂ ಒಂದು ಹನಿ ಎಣ್ಣೆ ಸಿಡಿಸದ ಕೈ ಅದು. ಆ ಸುಳ್ಳು ಅವಳ ಬಾಯಿಂದ ಹೊರಡಲಿಲ್ಲ.

"ಎಣ್ಣಿ ಗಿಣ್ಣಿ ಏನಿಲ್ಲ. ನಾನ ಚುಟಗಿ ಹಾಕೇನಿ. ಇದಕ್ಕೊಂದಕ್ಕ ಅಲ್ಲ, ನಾನೂರು ಕೂಸಿಗೆ ಹಾಕೇನಿ."

ಫೋನಿನಲ್ಲಿದ್ದವಳು ಎಂದಳು: "ಅಮ್ಮಾ, ನೀವು ಹೇಳಿದ್ದನ್ನೆಲ್ಲ ನಾನು ಅವರಿಗೆ ಹೇಳಲೇಬೇಕಾಗುತ್ತೆ."

"ಹೇಳವ್ವಾ. ಒಂದಕ್ಷರ ಬಿಡಬ್ಯಾಡ."

ಪುಂಡಲೀಕ ಗೋಡೆಗೆ ಹಣೆ ಹಚ್ಚಿ ನಿಂತ. ಡಾಕ್ಟರಮ್ಮ ಬರೆದುಕೊಂಡು ಇನ್ನೊಂದು ಮಾತು ಕೇಳಿಸಿದಳು: ಆ ನಾನೂರರಲ್ಲಿ ಯಾವ ಮಗುವಿಗಾದರೂ ಕೆಡುಕಾಗಿದೆಯೇ?

"ಒಂದಕ್ಕೂ ಆಗಿಲ್ಲ," ಎಂದಳು ಲಕ್ಷ್ಮವ್ವ. ಹೇಳುವ ಹೊತ್ತಿಗೇ ಊರಿನ ಮೇಲಿನ ಓಣಿಯ ಗೂಳಪ್ಪನ ಚೊಚ್ಚಿಲ ಕೂಸು ಕಣ್ಣ ಮುಂದೆ ಬಂದಿತ್ತು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಚುಟಿಗೆ ಹಾಕಿದ ನಾಲ್ಕನೆಯ ದಿನ ಹೊಟ್ಟೆ ಕೆಂಪಗೆ ಬಾತು, ಜ್ವರ ಬಂದು ಕೂಸು ತೀರಿಹೋಗಿತ್ತು. ಆಯುಷ್ಯವಿರಲಿಲ್ಲ ಎಂದಿತ್ತು ಊರು. ಅವಳೂ ಹಾಗೇ ಅಂದುಕೊಂಡಿದ್ದಳು.

ಗಂಗಾಳ ಜ್ವರ ಔಷಧಿಗೆ ಇಳಿಯಿತು. ಆದರೆ ಕೂಸು ಮನೆಗೆ ಬರಲಿಲ್ಲ. ವಿಚಾರಣೆ ಮುಗಿಯುವವರೆಗೆ ಸರ್ಕಾರದವರು ಅದನ್ನು ಬೇರೊಂದು ಮನೆಯಲ್ಲಿಟ್ಟರು. ತಾಯಿತಂದೆಗೆ ವಾರಕ್ಕೆ ಎರಡು ಸಲ ಒಂದೊಂದು ತಾಸಿನ ಭೇಟಿ. ಸೀಮಾ ಎದೆಹಾಲನ್ನು ಹಿಂಡಿ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿ ಸಾಲಾಗಿ ಇಡುತ್ತಿದ್ದಳು. ಹದಿನೈದು ದಿನಕ್ಕೆ ಹಾಲೇ ನಿಂತುಹೋಯಿತು. ಖಾಲಿ ಬಾಟಲಿಗಳನ್ನು ತೊಳೆದು ಬೋರಲು ಹಾಕಿದಳೇ ಹೊರತು ಅತ್ತೆಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆಡಿದ್ದರೆ ಚಲೋ ಇತ್ತು ಎನ್ನಿಸುತ್ತಿತ್ತು ಲಕ್ಷ್ಮವ್ವನಿಗೆ.

ಕೊನೆಗೆ ಅಧಿಕಾರಿಗಳು ಹೇಳಿದ್ದಿಷ್ಟು: ಅಜ್ಜಿ ಆ ಮನೆಯಲ್ಲಿರುವವರೆಗೆ ಕೂಸನ್ನು ಕಳಿಸಲಾಗದು. ಅವಳು ಅಂದೇ ಗಂಟು ಕಟ್ಟಿದಳು.

ವಿಮಾನ ನಿಲ್ದಾಣದಲ್ಲಿ ಪುಂಡಲೀಕ ಕೇಳಿಯೇಬಿಟ್ಟ. "ಎಣ್ಣಿ ಅಂದಿದ್ರ ನಿಂದೇನು ಗಂಟು ಹೋಗತಿತ್ತ ಬೇ?"

ಲಕ್ಷ್ಮವ್ವ ಅವನ ಹೊಟ್ಟೆಯ ಕಡೆ ನೋಡಿದಳು. "ನಿನಗ ಹಾಕಿದಾಗ ಭಾಳ ಉರಿದಿತ್ತೇನೋ ತಮ್ಮಾ?" ಎಂದಳು.

"ನನಗ ಹ್ಯಾಂಗ ನೆನಪಿರತೈತಿ?"

ಅವಳು ಊರು ಮುಟ್ಟಿದ ವಾರಕ್ಕೆ ಗಂಗಾ ಮನೆಗೆ ಬಂದಳು. ಫೋನಿನಲ್ಲಿ ಮೊಮ್ಮಗಳ ಮುಖ ತೋರಿಸಿದರು. ಕೂಸು ಈಗ ಅಳುತ್ತಲೇ ಇರಲಿಲ್ಲ. ಯಾರು ಎತ್ತಿಕೊಂಡರೂ ಗೊಂಬೆಯಂತೆ ಸುಮ್ಮನಿರುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಗೂಳಪ್ಪ ಹೆಗಲ ಮೇಲಿನ ಟವೆಲಿನಲ್ಲಿ ಮೊಮ್ಮಗನನ್ನು ಸುತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂತ.

"ಯಕ್ಕಾ, ವಿಮಾನ ಹತ್ತಿ ಬಂದಾಕಿ ಈಗ ನಮ್ಮಂಥವ್ರ ಕೂಸು ಮುಟ್ಟತೀಯೋ ಇಲ್ಲೋ? ಮೂರು ದಿನದಿಂದ ಒಂದ ಸವನ ಅಳಾಕತ್ತೈತಿ. ಒಂದು ಚುಟಗಿ ಹಾಕು."

"ನಾ ಬಿಟ್ಟೇನಪ್ಪಾ. ಕಲಘಟಗಿ ದವಾಖಾನಿಗೆ ಒಯ್ಯಿ."

"ನಿನ್ನ ಕೈ ಇರೂವಾಗ ದವಾಖಾನಿ ಯಾಕ? ನಮ್ಮ ಚೊಚ್ಚಿಲದ್ದಕ್ಕೂ ನೀನ ಹಾಕಿದ್ದಿ. ಅದರ ಆಯುಷ್ಯ ಇರಲಿಲ್ಲ, ಅದು ಬ್ಯಾರೆ ಮಾತು."

ಲಕ್ಷ್ಮವ್ವ ಅವನ ಎದುರಿಗೆ ಕೂತಳು.

"ಆಯುಷ್ಯ ಇತ್ತೋ ಗೂಳಪ್ಪಾ. ಚುಟಗಿ ಕೀವಾಗಿತ್ತು. ನಾ ಕಣ್ಣಾರೆ ನೋಡಿದ್ನಿ. ನೋಡಿನೂ ನಿಮಗ ಹೇಳಲಿಲ್ಲ."

ಗೂಳಪ್ಪ ಬಹಳ ಹೊತ್ತು ಅವಳ ಕೈಗಳನ್ನೇ ನೋಡಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಮೊಮ್ಮಗನ ಹೊಟ್ಟೆಯ ಮೇಲೆ ಟವೆಲು ಎಳೆದು ಮುಚ್ಚಿ, ಕೂಸನ್ನು ಎದೆಗೆ ಅವಚಿಕೊಂಡು, ಕಲಘಟಗಿ ಬಸ್ಸು ನಿಲ್ಲುವ ಕಡೆ ದಡದಡ ನಡೆದುಬಿಟ್ಟ. ಕೂಸು ಅಳುವುದು ಓಣಿಯ ತುದಿಯವರೆಗೂ ಕೇಳುತ್ತಿತ್ತು.