ತೊಳೆದು ಕೊಟ್ಟ ಡಬ್ಬಿ

ತಮ್ಮನ ಕೊಲೆಯಾದ ವಾರ ನಮ್ಮ ಡೊಂಬಿವಲಿಯ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಕಾನೂನಿನ ಮ್ಯಾಲೆ ವಿಶ್ವಾಸ ಇಡ್ರಿ." ಸೊಸೈಟಿಯ ಸೆಕ್ರೆಟರಿಯಂತೂ ಎರಡು ಸಲ ಹೇಳಿದರು. ಅವರ ಟೆರೇಸು ಸೋರುವ ಕೇಸು ಅವರ ತಂದೆಯ ಕಾಲದಿಂದ ನಡೆದಿತ್ತು. ವಿಶ್ವಾಸ ಇಟ್ಟು ಅಭ್ಯಾಸವಿದ್ದವರು.

ತಮ್ಮನಿಗೂ ಇನ್ನೊಬ್ಬ ಪ್ರಯಾಣಿಕನಿಗೂ ಜಗಳ ಶುರುವಾದದ್ದು ಬೆಳಗಿನ ಮುಂಬಯಿ ಲೋಕಲ್‌ನಲ್ಲಿ, ಬಾಗಿಲ ಬಳಿ ಒಂದು ಗೇಣು ಜಾಗಕ್ಕೆ. ಕಳವಾ ಸ್ಟೇಷನ್ನಿನಲ್ಲಿ ಇಳಿದ ಮೇಲೂ ಮುಗಿಯಲಿಲ್ಲ. ಸ್ಟೇಷನ್ನಿನ ಹೊರಗೆ ಆ ಮನುಷ್ಯ ತಮ್ಮನ ಕೈಯಿಂದ ಮೂರು ಖಾನೆಯ ಸ್ಟೀಲ್ ಡಬ್ಬಿ ಕಸಿದುಕೊಂಡು ಅದರಿಂದಲೇ ಅವನ ತಲೆಗೆ ಮತ್ತೆ ಮತ್ತೆ ಹೊಡೆದ. ಜನ ತಮ್ಮನನ್ನು ಆಸ್ಪತ್ರೆಗೆ ಒಯ್ದರು. ದಿನಾ ಅವನ ಜೊತೆ ಓಡಾಡುವವರೊಬ್ಬರು ಬಿದ್ದಿದ್ದ ಚೀಲ, ಡಬ್ಬಿ ಎತ್ತಿಕೊಂಡು ಮನೆಗೆ ಬಂದು, ಸ್ವಲ್ಪ ಪೆಟ್ಟಾಗಿದೆ ಅಷ್ಟೇ ಎಂದು ಅವ್ವನಿಗೆ ಹೇಳಿದರು. ಒಳ್ಳೆಯ ಮನಸ್ಸಿನ ಸುಳ್ಳು. ನಾನು ಆಸ್ಪತ್ರೆಗೆ ಓಡಿದೆ. ಅವ್ವ ಡಬ್ಬಿ ತೊಳೆದಳು.

ವಿಜಾಪುರದ ಕಡೆಯ ಹೆಂಗಸು ಮುಸುರೆ ಪಾತ್ರೆಯನ್ನು ಬಚ್ಚಲಲ್ಲಿ ಬಿಟ್ಟು ಕೂರುವವಳಲ್ಲ. ಅಂಚಿಗೆ ಅಂಟಿದ ಕೆಂಪನ್ನು ಅವಳು ತಾನೇ ಹಾಕಿಕೊಟ್ಟ ಮೆಣಸಿನಕಾಯಿ ರಂಜಕ ಅಂದುಕೊಂಡಳು. ಹುಣಸೆಹಣ್ಣು ಹಚ್ಚಿ ಉಜ್ಜಿದಳು.

ಮರುದಿನ ಪೊಲೀಸರು ಡಬ್ಬಿ ಕೇಳಿಕೊಂಡು ಬಂದರು. ಮಗ ಹೋದದ್ದು ಕಿವಿಗೆ ಬಿದ್ದಿದ್ದರೂ ಅವ್ವನ ಕೈ ಅಭ್ಯಾಸ ಬಿಡಲಿಲ್ಲ. ಮನೆಯಿಂದ ಖಾಲಿ ಪಾತ್ರೆ ಕೊಡಬಾರದಲ್ಲ, ಒಂದು ಚಮಚ ಸಕ್ಕರೆ ಹಾಕಿ ಕೊಟ್ಟಳು. ಹವಾಲ್ದಾರರು ಮುಚ್ಚಳ ತೆಗೆದು ನೋಡಿ, "ಆಯೀ, ಹೇ ಕಾಯ್ ಕೇಲಂತ?" ಇದೇನು ಮಾಡಿಬಿಟ್ಟಿರಿ ಎಂದು ತಲೆಯ ಮೇಲೆ ಕೈಹೊತ್ತರು. ಆದರೂ ಪಂಚನಾಮೆಯಲ್ಲಿ ಸಕ್ಕರೆ ನಮೂದಾಯಿತು. ಸೀಲು ಬಿದ್ದು ಪ್ರಯೋಗಾಲಯಕ್ಕೂ ಹೋಯಿತು. ಎರಡು ವರ್ಷ ಕೂಲಂಕಷ ಪರಿಶೀಲಿಸಿ, ಅದು ಸಕ್ಕರೆಯೇ ಎಂದು ಅಲ್ಲಿನವರು ಬರೆದುಕೊಟ್ಟರು. ನಮ್ಮ ತನಿಖೆಯ ಬಗ್ಗೆ ಯಾರೂ ಕೆಮ್ಮುವ ಹಾಗಿಲ್ಲ.

ಕೇಸು ಶುರುವಾದಾಗ ನನ್ನ ಮಗಳು ಬಾಲವಾಡಿಯಲ್ಲಿದ್ದಳು. ಅವ್ವನ ಸಾಕ್ಷಿಯ ಹೊತ್ತಿಗೆ ಅವಳಿಗೆ ಬೀಜಗಣಿತ ಬಂದಿತ್ತು. ಅಷ್ಟರಲ್ಲಿ ನೋಡಿದವರೆಲ್ಲ ಥಾಣೆ ಜಿಲ್ಲಾ ಕೋರ್ಟಿನಲ್ಲಿ, ಜನರ ಗರ್ದಿಯಿತ್ತು, ಮುಖ ಕಾಣಲಿಲ್ಲ ಎಂದು ಹೇಳಿಯಾಗಿತ್ತು. ಉಳಿದದ್ದು ಡಬ್ಬಿ. ಅದರ ಮೇಲೆ ಇರಬೇಕಾಗಿದ್ದ ಬೆರಳಿನ ಗುರುತು ನಮ್ಮ ಬಚ್ಚಲಿನ ಮೋರಿಯಲ್ಲಿ ಹರಿದುಹೋಗಿತ್ತು. ನಮ್ಮ ಕಡೆಯ ಸರಕಾರಿ ವಕೀಲರು, ನಾಲ್ಕನೆಯವರು, ನನ್ನನ್ನು ಪಕ್ಕಕ್ಕೆ ಕರೆದು, ತೊಳೆದದ್ದು ನೆನಪಿಲ್ಲ ಅನ್ನಲಿ ಎಂದರು.

ಲೋಕಲ್‌ನಲ್ಲಿ ನಾನೂ ಅವ್ವನಿಗೆ ಗಿಳಿಪಾಠ ಮಾಡಿದೆ. "ಅವ್ವಾ, ನೆನಪಿಲ್ಲ ಅಂದ್‌ಬಿಡು."

"ದೇವರ ಮ್ಯಾಲೆ ಆಣಿ ಮಾಡಸ್ತಾರಂತ ನೀನ ಹೇಳಿದಿ. ಆಣಿನೂ ಮಾಡಿಸಿ ಸುಳ್ಳೂ ಹೇಳಸ್ತಾರೇನ?"

"ಅಂವ ಬಿಡುಗಡಿ ಆಗ್ತಾನವ್ವಾ."

"ಖರೇ ಹೇಳಿದ್ರ ಬಿಡ್ತಾರ? ಅದ್ಯಾವ ಕೋರ್ಟ?"

ಕಟಕಟೆಯಲ್ಲಿ ನಿಂತು ಅವಳು ತೊಳೆದೆ ಎಂದಳು. ಎದುರು ವಕೀಲರಿಗೆ ಹಬ್ಬವಾಯಿತು. ಮಗನಿಗೆ ಪೆಟ್ಟು ಬಿದ್ದಿದೆ ಎಂದು ಕೇಳಿಯೂ ಪಾತ್ರೆ ಉಜ್ಜುತ್ತ ಕೂತಿರಾ ಎಂದು ಮರಾಠಿಯಲ್ಲಿ ಕೇಳಿದರು. ಅವ್ವನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಆದರೆ ಬಾಯಿಂದ ಬಂದದ್ದು ಕನ್ನಡವೇ.

"ಮತ್ತ? ದವಾಖಾನ್ಯಾಗ ಅಂವ ಹಸವಾಗೇದ ಅಂದ್ರ ಯಾತರಾಗ ಒಯ್ಲಿ?"

ದುಭಾಷಿ ಅದನ್ನು ಮರಾಠಿಗೆ ತಿರುಗಿಸಿದ. ಸ್ಟೆನೋ ಟೈಪು ಮಾಡಿದ್ದು ಇಷ್ಟೇ: ಸಾಕ್ಷಿ ಡಬ್ಬಿ ತೊಳೆದದ್ದನ್ನು ಒಪ್ಪಿದ್ದಾರೆ.

ಅವನು ಬಿಡುಗಡೆಯಾದ. ತೀರ್ಪಿನ ಕೊನೆಯಲ್ಲಿ ನ್ಯಾಯ ನಮ್ಮನ್ನೂ ಮರೆತಿರಲಿಲ್ಲ: ಡಬ್ಬಿಯನ್ನು ಮನೆಯವರಿಗೆ ಹಿಂತಿರುಗಿಸತಕ್ಕದ್ದು. ಅಪೀಲಿನ ಫೈಲು ಮೇಲೆ ಹೋಗಿದೆ, ತಡವಾದರೂ ಆದೀತು ಎಂದು ವಕೀಲರು ಸಮಾಧಾನ ಹೇಳಿದರು. ಮೇಲೆ ಎಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ.

ಡಬ್ಬಿ ಬಂದಾಗ ಚೀಟಿ ಅಂಟಿತ್ತು, ಧೂಳು ಕೂತಿತ್ತು, ಒಳಗೆ ಸಕ್ಕರೆಗೆ ಮುತ್ತಿದ ಇರುವೆಗಳ ಸಿಪ್ಪೆಯಿತ್ತು. ನಾನು ಬಚ್ಚಲಿಗೆ ಒಯ್ದು ನಲ್ಲಿ ತಿರುಗಿಸಿದೆ. ಅವ್ವ ಕೈ ಹಿಡಿದಳು.

"ತೊಳೀಬ್ಯಾಡ. ಮ್ಯಾಲಿನವ್ರು ನೋಡೋರದಾರ."

ಮುಸುರೆ ಪಾತ್ರೆಯನ್ನು ಒಂದು ಗಳಿಗೆ ಬಿಡದ ಅವ್ವ ಅದನ್ನು ಹಾಗೆಯೇ ಮೇಲಿನ ಹಲಗೆಯ ಮೇಲೆ, ದೇವರ ಪಕ್ಕಕ್ಕೆ ಇಟ್ಟಳು. ಈಗಲೂ ಅಲ್ಲೇ ಇದೆ.